ಬಿಸಿಲಿಗೆ ಹಾಕದ ಕೋಟು

ಎಂಟು ಗ್ರಹಗಳು ಮಕರ ರಾಶಿಯಲ್ಲಿ ಕೂಡಿದ್ದು 1962ರ ಫೆಬ್ರವರಿ ಮೂರರಿಂದ ಐದರವರೆಗೆ. ಪ್ಲವ ಸಂವತ್ಸರ, ಪುಷ್ಯ ಮಾಸದ ಅಮಾವಾಸ್ಯೆಯ ಆಸುಪಾಸು. ಇದನ್ನು ಪಂಚಾಂಗದಲ್ಲಿಯೂ ಅಂದಿನ ಪತ್ರಿಕೆಗಳಲ್ಲಿಯೂ ನಾನು ತಾಳೆ ನೋಡಿದ್ದೇನೆ. ನೋಡಬೇಕಾಗಿ ಬಂದದ್ದು ಪಾಂಡಿತ್ಯಕ್ಕಾಗಿ ಅಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಸ್ನೇಹಿತರೆದುರು, ಸಹೋದ್ಯೋಗಿಗಳೆದುರು ಒಂದು ಕತೆ ಹೇಳುತ್ತಿದ್ದೆ: ಅಷ್ಟಗ್ರಹ ಕೂಟದ ವಾರ ನಮ್ಮ ಅಕ್ಕನ ಮನೆಯಲ್ಲಿ ರೇಷ್ಮೆ ಹುಳುವೆಲ್ಲ ಸತ್ತುಹೋದವು, ಪಾಪ, ಹಳ್ಳಿಯವರು ಗ್ರಹಗಳನ್ನು ಬಿಟ್ಟು ಅಕ್ಕನನ್ನೇ ಬೈದರು ಎಂದು. ಕೇಳಿದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಇತರರ ದಿನಾಂಕಗಳಲ್ಲಿ ಒಂದು ದಿನ ಹಿಂದುಮುಂದಾದರೂ ಅಡಿಟಿಪ್ಪಣಿ ಬರೆದು ತಿದ್ದುತ್ತಿದ್ದ ನಾನು ಈ ಒಂದು ದಿನಾಂಕವನ್ನು ಮಾತ್ರ ಪರೀಕ್ಷೆಗೆ ಒಡ್ಡಿರಲಿಲ್ಲ.

ಹುಳು ಸತ್ತದ್ದು ಕೂಟ ಕಳೆದ ಮೇಲೆ. ಸಾಕ್ಷ್ಯ ಬಹಳ ಸರಳ. ಅವು ಸಾಯಲು ಕಾರಣವಾದ ಕೋಟು ನನ್ನ ಕೈಸೇರಿದ್ದೇ ಕೂಟ ಕಳೆದ ಮೇಲೆ; ಕೂಟದ ಭಯವಿಲ್ಲದಿದ್ದರೆ ಅದು ತನ್ನ ಒಡೆಯನ ಪೆಟ್ಟಿಗೆಯಿಂದ ಹೊರಗೇ ಬರುತ್ತಿರಲಿಲ್ಲ.

ಆಗ ಚಿಕ್ಕಬಳ್ಳಾಪುರ ಕೋಲಾರ ಜಿಲ್ಲೆಯ ಒಂದು ತಾಲ್ಲೂಕು. ನಮ್ಮ ತಂದೆತಾಯಿ ಅಲ್ಲಿದ್ದರು. ನಾನು ಗೌರಿಬಿದನೂರಿನಲ್ಲಿ ತಾತ್ಕಾಲಿಕ ಮೇಷ್ಟರಾಗಿದ್ದು, ರಜೆಗೆ ಮನೆಗೆ ಬರುತ್ತಿದ್ದೆ. ಊರಿನ ಮಹಿಳೆಯರ ಒಂದು ಸಂಘದವರು ವರ್ಷಕ್ಕೊಮ್ಮೆ ಶಾಲೆಯ ಸಭಾಂಗಣದಲ್ಲಿ ಹಳೆಯ ಒಳ್ಳೆಯ ಬಟ್ಟೆಗಳ ಮಾರಾಟ ನಡೆಸಿ, ಬಂದದ್ದರಲ್ಲಿ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಹಾಲು, ಕಂಬಳಿ ಒದಗಿಸುತ್ತಿದ್ದರು. ಸಾಮಾನ್ಯವಾಗಿ ಬರುತ್ತಿದ್ದುದು ಬಣ್ಣ ಮಾಸಿದ ಸೀರೆ, ಮಕ್ಕಳ ಲಂಗ. ಆ ವರ್ಷ ಹಾಗಾಗಲಿಲ್ಲ. ಪ್ರಳಯವಾಗುತ್ತದೆಂದು ಊರೂರಲ್ಲಿ ಹೋಮ, ಭಜನೆ. ಗ್ರಹದೋಷ ಕಳೆಯಲು ವಸ್ತ್ರದಾನ. ಸಂಘದ ಅಧ್ಯಕ್ಷೆ ವ್ಯವಹಾರ ಬಲ್ಲ ಹೆಂಗಸು. ದಾನ ಕೊಡುವವರೆಲ್ಲ ನಮಗೇ ಕೊಡಿ, ಪುಣ್ಯ ನಿಮಗೆ, ಹಾಲು ಮಕ್ಕಳಿಗೆ ಎಂದು ಮನೆಮನೆಗೆ ಹೇಳಿಕಳುಹಿಸಿದರು. ಬೆಂಗಳೂರಿನ ನೆಂಟರಿಂದಲೂ ಬಟ್ಟೆ ತರಿಸಿದರು. ಜರಿಯಂಚಿನ ಸೀರೆ, ಕಾಶ್ಮೀರದ ಶಾಲು, ದಂಡು ಪ್ರದೇಶದ ದೊಡ್ಡ ದರ್ಜಿಗಳು ಹೊಲಿದ ಸೂಟು, ಎಲ್ಲವೂ ಮೇಜಿನ ಮೇಲೆ ರಾಶಿ ಬಿದ್ದವು. ಪ್ರಳಯವಾಗಲಿಲ್ಲ. ಕೂಟ ಮುಗಿದ ಮುಂದಿನ ಭಾನುವಾರ ಮಾರಾಟ ಇಟ್ಟರು. ಕೊಳ್ಳುವವರೇ ಇಲ್ಲ! ಗ್ರಹ ಕಳೆದುಕೊಳ್ಳಲು ಯಾರೋ ಬಿಟ್ಟ ಬಟ್ಟೆಯನ್ನು ಮೈಮೇಲೆ ಹಾಕಿಕೊಳ್ಳುವುದೆಂದರೆ ಅವರ ಶನಿಯನ್ನು ಮನೆಗೆ ಕರೆದಂತೆ. ನಮ್ಮಂಥ ಜಮೀನಿದ್ದ ಮನೆಯವರು ದಾನ ಕೊಡುವವರು, ತೆಗೆದುಕೊಳ್ಳುವವರಲ್ಲ ಎಂಬ ಬಿಗುಮಾನ ಬೇರೆ.

ನಾನು ಹೋದದ್ದು ಕಾಲಹರಣಕ್ಕೆ. ಆದರೆ ಆ ಕೋಟನ್ನು ಕಂಡ ಮೇಲೆ ಕಾಲು ಮುಂದೆ ಹೋಗಲಿಲ್ಲ. ಬೂದಿ ಮಿಶ್ರಿತ ಕಪ್ಪು ಉಣ್ಣೆ, ಕೊಂಬಿನ ಗುಂಡಿ, ಒಳಗೆ ರೇಷ್ಮೆಯ ಲೈನಿಂಗ್, ಕುತ್ತಿಗೆಯ ಬಳಿ ಲಂಡನ್ನಿನ ಯಾವುದೋ ದರ್ಜಿ ಅಂಗಡಿಯ ಚೀಟಿ. ಒಳಜೇಬಿನ ಮೇಲೆ ಮೊದಲ ಒಡೆಯನ ಹೆಸರಿನ ಎರಡು ಅಕ್ಷರಗಳನ್ನು ದಾರದಲ್ಲಿ ಕಸೂತಿ ಮಾಡಿದ್ದರು. ಎರಡು ವಾರದಲ್ಲಿ ಬೆಂಗಳೂರಿನ ಒಂದು ಸಂಶೋಧನ ಸಂಸ್ಥೆಯಲ್ಲಿ ನನಗೆ ಸಂದರ್ಶನವಿತ್ತು. ನನ್ನಲ್ಲಿದ್ದುದು ಮೊಣಕೈ ತೇದ ಒಂದು ಹತ್ತಿಯ ಕೋಟು.

ಮೇಜಿನ ಹಿಂದೆ ಅಧ್ಯಕ್ಷೆಯೂ ಅವರ ನಾದಿನಿಯೂ ಕುಳಿತಿದ್ದರು.

"ಏನಪ್ಪಾ ಮೇಷ್ಟ್ರೇ, ಭಯ ಇಲ್ವಾ?" ಎಂದರು ನಾದಿನಿ. "ಎಂಟು ಗ್ರಹಾನೂ ಆ ಜೇಬಲ್ಲೇ ಕೂತಿರ್ತವೆ, ನೋಡ್ಕೊಂಡು ಕೈ ಹಾಕಿ."

"ನಾನು ಅದನ್ನೆಲ್ಲ ನಂಬಲ್ಲ" ಎಂದೆ, ಹೆಮ್ಮೆಯಿಂದ.

"ನಂಬದೋರೇ ನಮಗೂ ಬೇಕಾಗಿರೋದು" ಎಂದು ಅಧ್ಯಕ್ಷೆ ನಕ್ಕು, ಕೋಟನ್ನು ಕೊಡವಿ ಮಡಿಸಿದರು. ತೆಳುವಾದ ಬಿಳಿ ಪುಡಿ ಎದ್ದು ಅವರಿಗೆ ಸೀನು ಬಂತು. "ಪೆಟ್ಟಿಗೇಲಿ ನುಸಿ ಹಿಡೀದಿರ್ಲಿ ಅಂತ ಪುಡಿ ಹಾಕಿ ಇಟ್ಟಿದ್ರಂತಪ್ಪ. ಎರಡು ದಿನ ಬಿಸಿಲಿಗೆ ಹಾಕಿ, ಚೆನ್ನಾಗಿ ಬಡಿದು, ಆಮೇಲೆ ಹಾಕ್ಕೊ. ಮರೀಬೇಡ."

ಮರೆಯಲಿಲ್ಲ. ಬೇಕೆಂದೇ ಹಾಕಲಿಲ್ಲ. ನಮ್ಮ ಮನೆಯ ಅಂಗಳ ಬೀದಿಗೆ ತೆರೆದದ್ದು. ಅಲ್ಲಿ ಹಗ್ಗದ ಮೇಲೆ ಕೋಟು ನೇತುಹಾಕಿದರೆ ಎದುರುಮನೆಯವರು ಚೀಟಿ ಓದುವಷ್ಟು ಹತ್ತಿರ. ಅಮ್ಮನಿಗೆ ನಾನು ಹೇಳಿದ್ದು ಬೆಂಗಳೂರಿನ ದಂಡಿನಲ್ಲಿ ಹೊಸದಾಗಿ ಹೊಲಿಸಿದೆನೆಂದು. ಹೊಸ ಕೋಟನ್ನು ಯಾರು ಬಿಸಿಲಿಗೆ ಹಾಕುತ್ತಾರೆ?

ತೋಳು ಉದ್ದವಾಗಿತ್ತು, ನಡು ಸಡಿಲ. ನಮ್ಮೂರಿನ ದರ್ಜಿಗೆ ಕೊಟ್ಟರೆ ಗುಟ್ಟು ರಟ್ಟಾಗುತ್ತದೆಂದು ಮುಂದಿನ ಶನಿವಾರ ರಜೆ ಹಾಕಿ, ಬೆಳಗಿನ ಬಸ್ಸಿನಲ್ಲಿ ಚಿಂತಾಮಣಿಗೆ ಹೋದೆ. ನನ್ನ ದಿನಚರಿಯಲ್ಲಿ ಆ ದಿನದ ಪುಟದಲ್ಲಿ "ಚಿಂ.ಗೆ ಬಸ್. ದಾರಿಯುದ್ದಕ್ಕೂ ಚುನಾವಣೆಯ ಜೀಪುಗಳು, ಮೈಕು" ಎಂದಷ್ಟೇ ಇದೆ. ಮೂರನೆಯ ಮಹಾಚುನಾವಣೆ ಆ ತಿಂಗಳ ಕೊನೆಯ ಭಾಗದಲ್ಲಿ ನಡೆಯಿತು. ಆದ್ದರಿಂದ ವಾರದ ಬಗ್ಗೆ ಸಂದೇಹಕ್ಕೆ ಎಡೆಯಿಲ್ಲ. ಚಿಂತಾಮಣಿಗೆ ಏಕೆ ಹೋದೆನೆಂಬುದನ್ನು ದಿನಚರಿಗೂ ಹೇಳಿರಲಿಲ್ಲ.

ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ಒಬ್ಬ ವಯಸ್ಸಾದ ಸಾಬರ ಅಂಗಡಿ. ಅವರು ಕೋಟನ್ನು ತಿರುವಿಹಾಕಿ, ಕಂಕುಳಿನ ಹೊಲಿಗೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು.

"ವಿಲಾಯತಿ ಹೊಲಿಗೆ ಸ್ವಾಮಿ. ನಮ್ಮ ಉಸ್ತಾದರ ಹತ್ತಿರ ಒಂದು ಸಲ ನೋಡಿದ್ದೆ. ಯಾರದು?"

"ನಮ್ಮ ದೊಡ್ಡಪ್ಪನದು."

ಒಳಜೇಬಿನ ಅಕ್ಷರಗಳನ್ನು ಅವರು ನೋಡಿದರು, ನನ್ನನ್ನೂ ನೋಡಿದರು. "ದೊಡ್ಡಪ್ಪ ದೊರೆಗಳಾಗಿದ್ರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮೇಜಿನ ಮೇಲೆ ಹರಡಿದರು. ಮಧ್ಯಾಹ್ನದೊಳಗೆ ತೋಳು ಗಿಡ್ಡವಾಯಿತು, ನಡು ಬಿಗಿಯಾಯಿತು. ಕೊಡುವಾಗ ಬೆರಳು ಉಜ್ಜಿ ತೋರಿಸಿದರು. "ಲೈನಿಂಗ್ ಒಳಗೆಲ್ಲ ಪೌಡರ್ ಐತೆ. ಹೊಲಿಗೆ ಬಿಚ್ಚಿದ್ದಕ್ಕೆ ಈಗ ಹೊರಗೆ ಬರ್ತಾ ಐತೆ. ಮಲೇರಿಯಾದೋರು ಗೋಡೆಗೆ ಹೊಡೀತಾರಲ್ಲ, ಅದೇ ವಾಸನೆ. ಬಿಸಿಲಿಗೆ ಹಾಕಿ ಸ್ವಾಮಿ, ಮೈಗೆ ಒಳ್ಳೇದಲ್ಲ."

ಅದು ಡಿ.ಡಿ.ಟಿ.ಯೇ ಎಂಬುದಕ್ಕೆ ನನ್ನ ಬಳಿ ಇರುವ ಸಾಕ್ಷ್ಯ ಈ ಮಾತೊಂದೇ, ಮತ್ತು ಮರುದಿನ ನಾನು ಕಣ್ಣಾರೆ ಕಂಡದ್ದು. ಹೂಂಗುಟ್ಟಿ, ಅಂಗಡಿಯಲ್ಲೇ ಕೋಟು ತೊಟ್ಟು, ಕನ್ನಡಿಯಲ್ಲಿ ಎರಡು ಸಲ ನೋಡಿಕೊಂಡು ಬಸ್ಸು ಹತ್ತಿದೆ. ಆ ಗೆಲುವಿನಲ್ಲಿ ನೇರವಾಗಿ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಯಾರಿಗಾದರೂ ತೋರಿಸಬೇಕಿತ್ತು. ದಾರಿಯಲ್ಲಿ ಶಿಡ್ಲಘಟ್ಟದಲ್ಲಿ ಇಳಿದು, ಎರಡು ಮೈಲಿ ನಡೆದು ಅಕ್ಕನ ಹಳ್ಳಿಗೆ ಹೋದೆ.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಮದುವೆಯಾಗಿ ಐದು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಆ ಮನೆಯಲ್ಲಿ ಅವಳಿಗೆ ಇದ್ದ ಸ್ಥಾನ ಒಂದೇ: ಅವಳ ಕೈಯಲ್ಲಿ ಹುಳು ಏಳುತ್ತಿತ್ತು. ಮೊಟ್ಟೆಯೊಡೆದ ಹುಳು ದಾರದ ಚೂರಿನಷ್ಟಿರುತ್ತದೆ. ಹಕ್ಕಿಯ ಗರಿಯಿಂದ ಅದನ್ನು ತಟ್ಟೆಗೆ ಇಳಿಸಿ, ಹಿಪ್ಪುನೇರಳೆಯ ಎಳೆ ಸೊಪ್ಪನ್ನು ಕೂದಲಿನಷ್ಟು ತೆಳ್ಳಗೆ ಕೊಯ್ದು ಹಾಕಬೇಕು. ಈ ಕೆಲಸದಲ್ಲಿ ಅಕ್ಕನನ್ನು ಮೀರಿಸಿದವರು ಸುತ್ತ ಹಳ್ಳಿಗಳಲ್ಲಿರಲಿಲ್ಲವೆಂದು ಅವಳ ಅತ್ತೆಯೇ ಹೇಳುತ್ತಿದ್ದರು. ಮಗುವಿಲ್ಲವೆಂದು ಎತ್ತಿ ಆಡುವ ನೆಂಟರಿಗೆ ಅವರು ಕೊಡುತ್ತಿದ್ದ ಉತ್ತರವೂ ಅದೇ: "ನಮ್ಮ ಸೊಸೆ ಸಾವಿರ ಮಕ್ಕಳನ್ನ ಸಾಕ್ತಾಳೆ, ಎಣಿಸ್ಕೊಂಡು ಹೋಗಿ."

ಆ ಅತ್ತೆ ಹುಳುಮನೆಯ ಕಾವಲಿಗೆ ಕುಳಿತವರು. ಕಾಲು ತೊಳೆಯದೆ, ಬಾಯಿ ಮುಕ್ಕಳಿಸದೆ ಯಾರೂ ಒಳಗೆ ಹೋಗುವಂತಿಲ್ಲ. ಹೊಗೆಸೊಪ್ಪು ಹಾಕಿದವರು, ಮಲ್ಲಿಗೆ ಮುಡಿದವರು ಹೊಸ್ತಿಲಾಚೆ. ಮುಟ್ಟಾಗಿ ಹೊರಗಾದ ಹೆಂಗಸಿನ ನೆರಳೂ ಬೀಳಬಾರದು. ಮಲೇರಿಯಾ ಇಲಾಖೆಯವರು ಪಂಪು ಹಿಡಿದು ಬಂದಾಗ ಮನೆಯೆಲ್ಲ ಹೊಡೆಸಿ, ಹುಳುಮನೆಯ ಬಾಗಿಲಿಗೆ ಅಡ್ಡ ನಿಂತು, "ನನ್ನ ಮೇಲೆ ಹೊಡೀರಿ ಮೊದಲು" ಎಂದಿದ್ದರಂತೆ. ಕೋಟಿನ ಬಗ್ಗೆ ಮಾತ್ರ ಅವರಲ್ಲಿ ಯಾವ ನಿಯಮವೂ ಇರಲಿಲ್ಲ. ಆ ಹಳ್ಳಿಯಲ್ಲಿ ಕೋಟು ಹಾಕಿಕೊಂಡು ಹುಳುಮನೆಗೆ ಬಂದವರೇ ಇರಲಿಲ್ಲ.

"ಏಮಪ್ಪಾ, ಮದುಮಗನ ಹಂಗೆ ಬಂದಿದೀಯ!" ಎಂದು ಅತ್ತೆ ಕಾಲಿಗೆ ನೀರು ಕೊಟ್ಟರು. ಭಾವ ಸೊಪ್ಪು ತರಲು ತೋಟಕ್ಕೆ ಹೋಗಿದ್ದರು. ಅಕ್ಕ ಹೊರಗೆ ಬಂದು ತೋಳು ಮುಟ್ಟಿ ನೋಡಿದಳು.

"ಎಷ್ಟು ಮೆತ್ತಗಿದೆ ಕಣೋ! ಎಲ್ಲಿ ಹೊಲಿಸ್ದೆ?"

"ದಂಡಲ್ಲಿ."

"ಅಪ್ಪ ಕೊಡಿಸಿದ್ರಾ?"

"ನಾನೇ."

ಅವಳ ಮುಖದಲ್ಲಿ ಕಂಡ ಅಭಿಮಾನವನ್ನು ನೆನೆದರೆ ಇವತ್ತಿಗೂ ತಲೆ ಎತ್ತಲಾಗುವುದಿಲ್ಲ.

ಹುಳು ಮೂರನೆಯ ಜ್ವರ ಬಿಟ್ಟು ಎದ್ದಿದ್ದವು. ಪೊರೆ ಕಳಚುವ ಮುಂಚೆ ಅವು ಮೇವು ಬಿಟ್ಟು ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಎದ್ದ ಮೇಲೆ ಹಸಿವು ವಿಪರೀತ. ಸಂಜೆಯ ಮೇವಿಗೆ ಭಾವ ತಂದ ಸೊಪ್ಪು ಜಗುಲಿಯ ಮೇಲೆ ಬಿದ್ದಿತ್ತು. ಅಕ್ಕನಿಗೆ ಸಹಾಯ ಮಾಡುತ್ತೇನೆಂದು ನಾನು ಮಂಕರಿ ತುಂಬ ಸೊಪ್ಪನ್ನು ಎದೆಗವಚಿಕೊಂಡು ಎತ್ತಿದೆ.

"ಕೋಟು ಬಿಚ್ಚಿಡೋ. ಸೊಪ್ಪಿನ ಕರೆ ಹತ್ತಿದ್ರೆ ಹೋಗಲ್ಲ."

ಬಿಚ್ಚಿದರೆ ಚೀಟಿ ಕಾಣುತ್ತದೆ, ಕಸೂತಿಯ ಅಕ್ಷರ ಕಾಣುತ್ತದೆ. ಅಕ್ಕ ನಾಲ್ಕನೆಯ ತರಗತಿಯವರೆಗೆ ಓದಿದ್ದಳು. ಇಂಗ್ಲಿಷ್ ಓದಲಾರಳು, ಆದರೆ ಹಳೆಯ ಲೈನಿಂಗನ್ನು ಗುರುತಿಸದಷ್ಟು ದಡ್ಡಿಯಲ್ಲ. "ಪರವಾಗಿಲ್ಲ, ಚಳಿ" ಎಂದೆ. ಮೂರು ಮಂಕರಿ ಸೊಪ್ಪು ಹೊತ್ತು ಹುಳುಮನೆಗೆ ತಂದೆ. ತಟ್ಟೆಗಳ ಸಾಲಿನ ನಡುವೆ ಬಗ್ಗಿ, ನನ್ನ ಕೈಯಿಂದಲೇ ಸೊಪ್ಪು ಹರಡಿದೆ. ಹುಳು ಮೇಯುವ ಸದ್ದು ಹಂಚಿನ ಮೇಲೆ ತುಂತುರು ಹನಿದಂತೆ ಕೇಳುತ್ತಿತ್ತು. ಅತ್ತೆ ಬಾಗಿಲಲ್ಲಿ ನಿಂತು, "ಓದಿದೋನಾದ್ರೂ ಕೆಲಸ ಕಲ್ತವ್ನೆ" ಎಂದರು.

ಬೆಳಿಗ್ಗೆ ಎದ್ದಾಗ ಆ ಸದ್ದಿರಲಿಲ್ಲ.

ಹುಳು ತಲೆಯನ್ನು ಎತ್ತಿ ಎತ್ತಿ ಆಚೀಚೆ ಬಡಿಯುತ್ತಿದ್ದವು. ಕೆಲವು ಬಾಯಿಂದ ಹಸಿರು ನೀರು ಕಾರಿ, ಸುರುಟಿಕೊಂಡು ತಟ್ಟೆಯಂಚಿನಿಂದ ಕೆಳಗೆ ಬೀಳುತ್ತಿದ್ದವು. ರೋಗದಲ್ಲಿ ಸಾಯುವ ಹುಳು ಹೀಗೆ ಒಂದೇ ರಾತ್ರಿಗೆ ಒಟ್ಟಿಗೆ ಸಾಯುವುದಿಲ್ಲವೆಂದು ಭಾವ ಗೊಣಗಿದರು. ನಾನು ಗೂಟಕ್ಕೆ ಹಾಕಿದ್ದ ಕೋಟನ್ನು ನೋಡಿದೆ. ಕೆಳಗೆ ಸಗಣಿ ಸಾರಿಸಿದ ನೆಲದ ಮೇಲೆ ಹಿಟ್ಟು ಉದುರಿದಂತೆ ಒಂದು ಬಿಳಿ ಗೆರೆ ಬಿದ್ದಿತ್ತು. ಮೊದಲು ಅದನ್ನು ಕಾಲಿನಿಂದ ಒರೆಸಿದೆ. ಯೋಚಿಸಿದ್ದು ಆಮೇಲೆ. ಈ ಕ್ರಮವನ್ನು ಬದಲಿಸಿ ಬರೆಯಲು ನನಗೆ ಅಧಿಕಾರವಿಲ್ಲ.

ಅತ್ತೆ ತಟ್ಟೆಯಿಂದ ತಟ್ಟೆಗೆ ಹೋಗಿ ನೋಡಿ, ಕೊನೆಗೆ ಅಕ್ಕನ ಎದುರು ನಿಂತರು. ಅಷ್ಟಗ್ರಹದ ಕಾಲದಲ್ಲೂ ಉಳಿದ ಹುಳು ಈಗ ಹೋಗಿದ್ದವು. ಹೊಣೆ ಹೊರಿಸಲು ಆಕಾಶದಲ್ಲಿ ಯಾರೂ ಉಳಿದಿರಲಿಲ್ಲ.

"ನಿಜ ಹೇಳೇ. ದಿನ ಮೀರಿ ಒಳಗೆ ಬಂದ್ಯಾ?"

"ಇಲ್ಲ ಅತ್ತೆ. ಇನ್ನೂ ಆರು ದಿನ ಇದೆ. ಪಂಚಾಂಗದಲ್ಲಿ ಗೀಟು ಹಾಕಿದೀನಿ, ನೋಡಿ ಬೇಕಾದ್ರೆ."

"ಗೀಟು ಯಾರಿಗೆ ಬೇಕು? ಹುಳ ಸುಳ್ಳು ಹೇಳ್ತವಾ?"

"ದೇವರಾಣೆ ಅತ್ತೆ."

ನಾನು ಜಗುಲಿಯ ಕಂಬದ ಬಳಿ ನಿಂತಿದ್ದೆ. ಹೇಳಬೇಕಾಗಿದ್ದದ್ದು ಒಂದೇ ವಾಕ್ಯ. ಆ ವಾಕ್ಯ ಹೇಳಿದರೆ ಕೋಟು ಎಲ್ಲಿಂದ ಬಂತೆಂದು ಎರಡನೆಯದು ಹೇಳಬೇಕು. ಗ್ರಹ ಬಿಟ್ಟ ಬಟ್ಟೆ ತೊಟ್ಟು ಮನೆಗೆ ಬಂದೆನೆಂದು ಮೂರನೆಯದು. ನಾನು ಆ ಮೂರು ವಾಕ್ಯಗಳನ್ನು ಮನಸ್ಸಿನಲ್ಲಿ ಜೋಡಿಸುತ್ತಿರುವಾಗಲೇ ಅಕ್ಕ ಹೊಟ್ಟೆ ಹಿಡಿದುಕೊಂಡು ಹಿತ್ತಿಲಿಗೆ ಹೋದಳು. ಹಿಂತಿರುಗಿ ಬಂದವಳು ಮನೆಯೊಳಗೆ ಕಾಲಿಡಲಿಲ್ಲ. ದನದ ಕೊಟ್ಟಿಗೆಯ ಪಕ್ಕದ ಮೂಲೆಯಲ್ಲಿ ಕುಳಿತಳು. ಗಾಬರಿಯಿಂದಾಗಿ, ಲೆಕ್ಕಕ್ಕಿಂತ ಆರು ದಿನ ಮುಂಚೆಯೇ ಹೊರಗಾಗಿದ್ದಳು. ಅತ್ತೆ ಬೈಯುವುದನ್ನೂ ನಿಲ್ಲಿಸಿದರು. ಇನ್ನು ಬೈಯಲು ಏನಿತ್ತು? ಸಾಕ್ಷಿ ಸಿಕ್ಕಿತ್ತಲ್ಲ.

ನಾನು ಕೋಟು ತೊಟ್ಟು ಹೊರಟೆ. ಅಕ್ಕ ಮೂಲೆಯಿಂದಲೇ, "ಇಂಟರ್‌ವ್ಯೂಗೆ ಒಳ್ಳೇದಾಗ್ಲಿ ಕಣೋ" ಎಂದಳು.

ಒಳ್ಳೆಯದಾಯಿತು. ಅದೇ ಕೋಟಿನಲ್ಲಿ ಹೋದೆ, ಕೆಲಸ ಸಿಕ್ಕಿತು. ಮೂವತ್ತೈದು ವರ್ಷ ಶಾಸನಗಳ, ದಾನಪತ್ರಗಳ ಕಾಲನಿರ್ಣಯ ಮಾಡಿದೆ. ಯಾರು, ಯಾವ ತಿಥಿಯಲ್ಲಿ, ಯಾವ ಗ್ರಹಣದಲ್ಲಿ, ಯಾರಿಗೆ ಏನು ದಾನ ಕೊಟ್ಟರೆಂದು ಗುಣಿಸಿ ಬರೆದೆ. ಕೋಟನ್ನು ನಾನೂ ದಾನ ಕೊಟ್ಟೆ. ಅದೇ ವರ್ಷದ ಚಳಿಗಾಲ, ಚೀನಾದ ಯುದ್ಧದ ಹೊತ್ತಿನಲ್ಲಿ, ಯೋಧರಿಗೆಂದು ಅದೇ ಸಂಘದವರು ಉಣ್ಣೆ ಬಟ್ಟೆ ಸಂಗ್ರಹಿಸಿದಾಗ ಸಭೆಯಲ್ಲಿ ಎದ್ದುಹೋಗಿ ಕೊಟ್ಟೆ. "ಸಂಬಳಕ್ಕೆ ಸೇರಿ ವರ್ಷವಾಗಿಲ್ಲ, ಮೈಮೇಲಿನ ಕೋಟನ್ನೇ ಕೊಟ್ಟರು" ಎಂದು ಯಾರೋ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಮೇಜಿನ ಹಿಂದಿದ್ದ ಅಧ್ಯಕ್ಷೆ ಕೋಟನ್ನು ಗುರುತಿಸಿದರೆಂದು ನನಗೆ ಖಚಿತ. ಅವರು ಅದನ್ನು ಮತ್ತೊಮ್ಮೆ ಕೊಡವಿ, ಮಡಿಸಿ ಇಟ್ಟರು. ಆಗ ಪುಡಿ ಏಳಲಿಲ್ಲ. ಅಷ್ಟು ಹೊತ್ತಿಗೆ ಅದೆಲ್ಲ ಖಾಲಿಯಾಗಿತ್ತು.

ಅಕ್ಕನನ್ನು ಹುಳುಮನೆಗೆ ಮತ್ತೆ ಬಿಡಲಿಲ್ಲ. ಮುಂದೆ ಅವಳಿಗೆ ಮಕ್ಕಳಾದರು, ಗಂಡುಮಕ್ಕಳೇ ಇಬ್ಬರು; ಆದರೂ ಬಿಡಲಿಲ್ಲ. ಅತ್ತೆ ತೀರಿಕೊಂಡ ಮೇಲೆ ತಡೆಯುವವರಿರಲಿಲ್ಲ, ಆಗ ಅವಳೇ ಹೋಗಲಿಲ್ಲ. ಇದು ನನಗೆ ತಿಳಿದದ್ದು ನಿವೃತ್ತಿಯ ನಂತರ, ಹಳೆಯ ದಿನಚರಿಗಳನ್ನು ಜೋಡಿಸುತ್ತಾ ಆ ಶನಿವಾರದ ಪುಟ ಕಣ್ಣಿಗೆ ಬಿದ್ದು, ಅಷ್ಟಗ್ರಹದ ದಿನಾಂಕಕ್ಕೂ ಅದಕ್ಕೂ ನಡುವೆ ಇರುವ ದಿನಗಳನ್ನು ಎಣಿಸಿ, ನನ್ನ ಕತೆಯೇ ಸುಳ್ಳೆಂದು ನನ್ನ ಕೈಬರಹದಲ್ಲೇ ಸಿದ್ಧವಾದ ಮೇಲೆ. ದಿನಚರಿ ಹಿಡಿದುಕೊಂಡು ಅಕ್ಕನ ಹಳ್ಳಿಗೆ ಹೋದೆ.

ಅವಳು ಜಗುಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಕೋಟು, ಪುಡಿ, ಒರೆಸಿದ ಗೆರೆ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಎದ್ದುಹೋಗಿ, ತನ್ನ ಟ್ರಂಕಿನಿಂದ ಪ್ಲವ ಸಂವತ್ಸರದ ಪಂಚಾಂಗವನ್ನು ತಂದು ನನ್ನ ತೊಡೆಯ ಮೇಲಿಟ್ಟಳು. ಅಂಚು ಗೆದ್ದಲು ತಿಂದಿತ್ತು. ತಿಂಗಳು ತಿಂಗಳಿಗೆ ಪೆನ್ಸಿಲಿನ ಸಣ್ಣ ಗೀಟುಗಳು.

"ಎಣಿಸು. ನಿಂಗೆ ಎಣಿಸೋಕೆ ಬರುತ್ತಲ್ಲ."

ಎಣಿಸಿದೆ. ನನ್ನ ದಿನಚರಿಯ ಶನಿವಾರವನ್ನೂ ಅವಳ ಗೀಟನ್ನೂ ಎರಡು ಸಲ ತಾಳೆ ನೋಡಿದೆ. "ಸರಿಯಾಗಿದೆ ಅಕ್ಕ. ಆರು ದಿನ ಇತ್ತು."

"ನಾನೇ ಲೆಕ್ಕ ತಪ್ಪಿದ್ದೆ ಅಂದ್ಕೊಂಡಿದ್ದೆ ಕಣೋ" ಎಂದಳು. "ನನ್ನ ಮೈಯೇ ನಂಗೆ ಸುಳ್ಳು ಹೇಳ್ತು ಅಂತ. ಅತ್ತೆ ಹೋದ್ಮೇಲೂ ಅದಕ್ಕೇ ಒಳಗೆ ಹೋಗ್ಲಿಲ್ಲ. ಮನೆ ಅನ್ನ ಹಾಳಾಗೋದು ಬೇಡ ಅಂತ."

"ಕ್ಷಮಿಸು" ಎಂದೆ.

"ನಂಗಲ್ಲ ಹೇಳಬೇಕಾಗಿದ್ದು. ಅತ್ತೆಗೆ. ಅವರಿದ್ದಾಗ." ಒಳಗಿದ್ದ ಸೊಸೆಯಂದಿರನ್ನು ಕೂಗಿ ಕರೆದಳು. "ಬನ್ರಮ್ಮ ಇಲ್ಲಿ. ಮಾವ ಏನೋ ಹೇಳ್ಬೇಕಂತೆ. ಮೊದಲಿಂದ ಹೇಳಪ್ಪ."

ಮೊದಲಿನಿಂದ ಹೇಳಿದೆ. ಅನೇಕ ಸಭೆಗಳಲ್ಲಿ ಪ್ರಬಂಧ ಮಂಡಿಸಿದ ನಾಲಗೆ ಅಂದು ನಾಲ್ಕು ಕಡೆ ತಡವರಿಸಿತು. ಸೊಸೆಯಂದಿರು ನಗಲಿಲ್ಲ. ಹಿರಿಯವಳು ನನ್ನನ್ನು ನೋಡದೆ ಅಕ್ಕನಿಗೆ, "ಇವತ್ತು ಮೊಟ್ಟೆಯೊಡೆದಿರೋ ಚಾಕಿ ಹುಳ ತಟ್ಟೆಗೆ ಇಳಿಸಬೇಕು, ಬನ್ನಿ ಅತ್ತೆ ನೀವೂ" ಎಂದಳು.

"ಕೈ ನಡುಗುತ್ತೆ ಕಣೇ ಈಗ."

"ನಡುಗಲಿ. ನೀವು ಹೇಳ್ಕೊಡಿ, ನಾನು ಇಳಿಸ್ತೀನಿ."

ಅಕ್ಕ ಚೊಂಬಿನಲ್ಲಿ ನೀರು ತೆಗೆದುಕೊಂಡು, ಹುಳುಮನೆಯ ಬಾಗಿಲಲ್ಲಿ ನಿಂತು, ನಿಧಾನವಾಗಿ ಕಾಲು ತೊಳೆದಳು. ಬಾಯಿ ಮುಕ್ಕಳಿಸಿದಳು. ನಾನು ಎದ್ದು ಅವಳ ಹಿಂದೆ ಎರಡು ಹೆಜ್ಜೆ ಇಟ್ಟೆ. ಅವಳು ಹೊಸ್ತಿಲ ಮೇಲೆ ತಿರುಗಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಅಂದು ನಾನು ತೊಟ್ಟಿದ್ದುದು ಒಗೆದ ಬಿಳಿ ಜುಬ್ಬ.

"ನೀನು ಅಲ್ಲೇ ಇರು" ಎಂದು ಒಳಗೆ ಹೋದಳು.